ನೂಲು ಜಾಲಿಸಿದ ನೀರು

೧೯೫೩ರ ಬೇಸಿಗೆಯಲ್ಲಿ ನಮ್ಮ ಬನಹಟ್ಟಿ ಮನೆಯ ಹಿತ್ತಲಲ್ಲಿ ಉಳಿದಿದ್ದದ್ದು ಒಂದೇ ಗುಲಾಬಿ. ಅಣ್ಣನ ಹೆಂಡತಿ ಅನಸವ್ವ ವೈನಿ ಅನಗವಾಡಿಯ ತವರಿನಿಂದ ಟೊಂಗೆ ತಂದು ಊರಿದ ಗಾವಠಿ, ಅಂದರೆ ನಾಟಿ ಗಿಡ. ಟೊಂಗೆ ಕೊಟ್ಟ ಅವರ ಅವ್ವ ತೀರಿಕೊಂಡಿದ್ದರು. ತವರಿನ ಗಿಡವನ್ನೂ ಕಿತ್ತು ಅಲ್ಲಿ ಕಣ ಮಾಡಿದ್ದರು.

ಸಾಂಗಲಿಯಲ್ಲಿ ಬಿ.ಎಸ್ಸಿ. ಮುಗಿಸಿ ಬಂದ ವರ್ಷ ನಾನು ಪುಣೆಯಿಂದ ಎರಡು ಕಸಿ ಗುಲಾಬಿ ತರಿಸಿದ್ದೆ. ದೊಡ್ಡ ಹೂವಿನ ಜಾತಿ, ವಾಸನೆ ಅಷ್ಟಕ್ಕಷ್ಟೆ. ಮಧ್ಯಾಹ್ನದ ನೆರಳಿಲ್ಲದ ಕಡೆ ನೆಟ್ಟಿದ್ದೆ. ಏಪ್ರಿಲ್ ಮುಗಿಯುವುದರೊಳಗೆ ಎರಡೂ ಒಣಗಿದವು.

"ನಿನ್ನ ಪುಣೆ ಬೀಗರು ಉಣ್ಣದ ಎದ್ದು ಹ್ವಾದ್ರಲ್ಲೋ ನೀಲಕಂಠ," ಎಂದು ವೈನಿ ನಕ್ಕಿದ್ದರು. "ನಮ್ಮಾಕಿ ನೋಡು, ಕೊಟ್ಟದ್ದು ಕುಡದು ಸುಮ್ಮನ ಹೂ ಬಿಡ್ತಾಳ."

ಕೊಟ್ಟದ್ದೆಂದರೆ, ಬಣ್ಣ ಹಾಕಿದ ನೂಲನ್ನು ಕೊನೆಗೆ ಜಾಲಿಸಿದ ನೀರು. ಸೇದಿ ತಂದ ನೀರನ್ನು ನೇಕಾರರ ಮನೆಯಲ್ಲಿ ಒಂದೇ ಸಲ ಬಳಸಿ ಚೆಲ್ಲುವುದಿಲ್ಲ.

ಆ ವರ್ಷ ಅಣ್ಣ ಬಣ್ಣದ ಕೆಲಸವನ್ನು ನನಗೆ ಒಪ್ಪಿಸಿದ. ನಮ್ಮ ಸೀರೆಯ ಕೆಂಪು ಬಿಡುತ್ತದೆ ಎಂಬ ದೂರಿತ್ತು. ನಾನು ಬಣ್ಣದ ಹಂಡೆಗೆ ಉಪ್ಪು ಹಾಕತೊಡಗಿದೆ. ಉಪ್ಪಿದ್ದರೆ ನೂಲು ಬಣ್ಣವನ್ನು ಚೆನ್ನಾಗಿ ಹಿಡಿಯುತ್ತದೆ. ಪ್ರತಿ ಸಲವೂ ತೂಗಿಯೇ ಹಾಕಿದೆ. ಕೆಂಪು ನಿಂತಿತು.

ಮೇ ತಿಂಗಳಲ್ಲಿ ವೈನಿ ಒಂದು ಎಲೆ ತಂದು ತೋರಿಸಿದರು.

"ಅಂಚು ಸುಡಾಕತ್ತಾವ ನೋಡು. ಏನಾಗೇತಿ?"

ನಾನು ನೂಲಿನ ಲಡಿಯೊಂದನ್ನು ಬೆಳಕಿಗೆ ಹಿಡಿದು ಬಣ್ಣ ನೋಡುತ್ತಿದ್ದೆ.

"ಬಿಸಲ ಝಳ, ವೈನಿ. ನೀರು ಸಾಲವಲ್ದು. ದಿನಾ ಎರಡು ಕೊಡ ಹೆಚ್ಚಿಗಿ ಹಾಕ್ರಿ."

"ಯಾವ ನೀರಾದ್ರೂ ನಡೀತೈತೇನು?"

"ಯಾವುದಾದ್ರೂ ನಡೀತೈತ್ರಿ."

ಅವರು ಹಾಗೆಯೇ ಮಾಡಿದರು. ಹದಿನೈದು ದಿನಕ್ಕೆ ಎಲೆಗಳೆಲ್ಲ ಉದುರಿದವು. ಆಗ ಹೋಗಿ ನೋಡಿದೆ. ಬುಡದ ಸುತ್ತ ಮಣ್ಣಿನ ಮೇಲೆ ಬೆಳ್ಳಗೆ ಪದರುಗಟ್ಟಿತ್ತು. ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ಇಟ್ಟುಕೊಂಡೆ.

ವೈನಿ ಬಾವಿಯ ಹತ್ತಿರ ನೂಲು ಹಿಂಡುತ್ತಿದ್ದರು.

"ಬಿಸಲಲ್ಲ ವೈನಿ. ನಾ ಹಾಕಿದ ಉಪ್ಪು."

ಅವರು ಕೈಯಲ್ಲಿದ್ದ ಲಡಿಯನ್ನು ಪೂರ್ತಿ ಹಿಂಡಿ ಗಳಕ್ಕೆ ಹಾಕಿದರು.

"ನನಗೂ ಅನಿಸಿತ್ತಪಾ. ಕೈಯಾಗಿನ ಗಾಯಕ್ಕ ಆ ನೀರು ಹತ್ತಿದ್ರ ಉರೀತಿತ್ತು. ಆದ್ರ ನೀ ಕಲತಾಂವ ಹೇಳಿದ್ದಿ."

ಆ ಸಂಜೆ ಬುಡ ಅಗೆದು, ಬಾವಿಯ ನೀರು ಇಪ್ಪತ್ತು ಕೊಡ ಹೊಯ್ದೆ. ಹಸಿರು ಉಳಿದ ಆರು ಟೊಂಗೆ ಕತ್ತರಿಸಿ, ನೆರಳಿನಲ್ಲಿ ತೊಳೆದ ಮರಳಿಗೆ ಊರಿದೆ. ಗುಲಾಬಿ ಟೊಂಗೆ ಊರಬೇಕಾದದ್ದು ದಸರೆ ಕಳೆದು ತಂಪು ಹಿಡಿದ ಮೇಲೆ. ಮೇ ತಿಂಗಳಲ್ಲಿ ಬೇರು ಬಿಡುವುದಿಲ್ಲ. ಅದು ನನಗೆ ಗೊತ್ತಿತ್ತು, ವೈನಿಗೂ ಗೊತ್ತಿತ್ತು. ಆದರೂ ಅವರು ದಿನಾ ಬೆಳಿಗ್ಗೆ ಬಂದು ಒಂದೊಂದನ್ನೂ ಉಗುರಿನಿಂದ ಕೆರೆದು, ಒಳಗೆ ಹಸಿರಿದೆಯೇ ಎಂದು ನೋಡುತ್ತಿದ್ದರು. ಕಪ್ಪಾದದ್ದನ್ನು ಕಿತ್ತು ಬದಿಗಿಡುತ್ತಿದ್ದರು. ಹಳೆಯ ಗಿಡ ಅಷ್ಟರೊಳಗೆ ಬುಡದವರೆಗೂ ಒಣಗಿತ್ತು. ಆರನೆಯದನ್ನು ಕಿತ್ತ ದಿನ ನಾನು ಅಲ್ಲೇ ನಿಂತಿದ್ದೆ. ಅವರು ಅದನ್ನು ನನಗೆ ತೋರಿಸದೆ, ಉಳಿದ ಐದರ ಜೊತೆ ಬದಿಗಿಟ್ಟರು.