ಅವ್ವನ ಕಿವಿ

“ಕುರಿಗೆ ಗುರುತು ಹಾಕೋಕೆ ಕಿವಿ ಕೊಯ್ತಾರೆ ಕಣಯ್ಯ. ನೀನು ಹೆತ್ತ ಮಗಳ ಕಿವಿ ಕೊಯ್ಸೋಕೆ ಹೊಂಟಿದ್ದೀಯಲ್ಲ, ಯಾವ ಮಂದೆಗೆ ಸೇರಿಸ್ತೀಯ ಅವಳನ್ನ?”

ನಾನು ಹಾಗೆ ಕೂಗಿದಾಗ ತಂಗಿಯ ಗಂಡ ಶಂಭುಲಿಂಗಯ್ಯ ಕಾಫಿ ಲೋಟವನ್ನು ಜಗಲಿಯ ಮೇಲಿಟ್ಟ. ಇದು ಎಂಬತ್ತಮೂರನೇ ಇಸವಿಯ ಮಾತು. ನಾನು ಅಂಗಳದಲ್ಲಿ ನೆಟ್ಟ ಹಾರೆಗೆ ತೆಂಗಿನಕಾಯಿ ಕುಟ್ಟಿ ಸುಲಿಯುತ್ತಿದ್ದೆ. ಅಪ್ಪ ಮಗಳು ದಂಡಿನಶಿವರದಿಂದ ನಮ್ಮೂರು ಹಂದನಕೆರೆಗೆ ಬಂದು, ನಾಳೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಅವಳ ಕಿವಿಗೆ ಆಪರೇಷನ್ ಎಂದಿದ್ದರು. ಕಿವಿ ಕೇಳಿಸುವುದಿಲ್ಲ ಅಂತಲ್ಲ. ಅಗಲವಾಗಿ ಹೊರಕ್ಕೆ ಚಾಚಿಕೊಂಡಿವೆಯಂತೆ. ಹಿಂದುಗಡೆ ಕೊಯ್ದು, ಒಳಕ್ಕೆ ಒತ್ತಿ, ಹೊಲಿಗೆ ಹಾಕುತ್ತಾರಂತೆ.

“ಕೂಗಬೇಡಿ ಭಾವ. ಅಪಾಯ ಇಲ್ಲ ಅಂದವ್ರೆ ಡಾಕ್ಟ್ರು.”

“ಇನ್ನೇನಂದಾರು? ಯಾವ ಗಂಡಿನ ಕಡೆಯೋನು ಕೇಳ್ದ ಇದನ್ನ? ಹೆಸರು ಹೇಳು. ಈ ಹಾರೆ ಕಿತ್ಕೊಂಡೇ ಹೋಗಿ ಅವನ ಕಿವಿ ಸರಿ ಮಾಡ್ತೀನಿ.”

ಕೇಳುವ ಹಕ್ಕು ನನಗಿತ್ತು. ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಮಗುವಿಗೆ ಕಿವಿ ಚುಚ್ಚಿಸುವುದು. ಅದೂ ಅಲ್ಲದೆ ಅವು ನಮ್ಮವ್ವನ ಕಿವಿ. ಅವ್ವ ತೀರಿಕೊಂಡ ವರ್ಷ ಹುಟ್ಟಿದವಳೆಂದು ಅವಳಿಗೆ ಅವ್ವನ ಹೆಸರನ್ನೇ ಇಟ್ಟೆವು, ದ್ರಾಕ್ಷಾಯಣಮ್ಮ ಅಂತ. ಆದರೆ ಹೆತ್ತವಳ ಹೆಸರು ಹಿಡಿದು ಕೂಗಲು, ಬೈಯಲು ಯಾರಿಗೆ ನಾಲಿಗೆ ಏಳುತ್ತದೆ? ಕಿವಿ ಚುಚ್ಚಿಸಿದ ದಿನ ಅವಳ ಎರಡೂ ಕಿವಿ ಹಿಡಿದುಕೊಂಡು, ಇವು ಕಿವಿಯಲ್ಲ, ಮೊರ ಎಂದು ನಾನೇ ನೆಂಟರನ್ನೆಲ್ಲ ನಗಿಸಿದ್ದೆ. ಅಂದಿನಿಂದ ಅವಳು ಮೊರ.

“ನೀನಾದ್ರೂ ಬಾಯಿ ಬುಡೇ ಮೊರ. ಯಾವನು ಕೇಳ್ದ?”

“ಯಾರೂ ಕೇಳ್ಲಿಲ್ಲ ಮಾವ. ಡಾಕ್ಟ್ರಿಗೆ ನಾನೇ ಕಾಗದ ಬರೆದೆ. ಅಪ್ಪನ್ನ ನಾನೇ ಒಪ್ಪಿಸ್ದೆ.”

ಅವಳು ಎರಡು ವರ್ಷದಿಂದ ಅವರೂರಿನ ಪ್ರೈಮರಿ ಶಾಲೆಯಲ್ಲಿ ಮೇಡಂ ಆಗಿದ್ದಳು.

“ಹುಡುಗ್ರು ಬೋರ್ಡ್ ಮೇಲೆ ಮೊರ ಬರೆದಿಟ್ಟಿರ್ತವೆ. ಅಳಿಸಿ ಪಾಠ ಮಾಡ್ತೀನಿ. ಹಾಜರಿ ಕೂಗೋವಾಗ ಹಿಂದಿನ ಸಾಲಲ್ಲಿ ರಾಗಿ ಕೇರೋ ಶಬ್ದ ಮಾಡ್ತವೆ.”

“ಬೆತ್ತ ಇಲ್ವಾ ನಿಮ್ಮ ಸ್ಕೂಲಲ್ಲಿ?”

“ಎಷ್ಟು ಜನಕ್ಕೆ ಹೊಡೀಲಿ? ಹೆಸರಿಟ್ಟೋನು ನೀನು.”

ನನಗೆ ಮೈಯೆಲ್ಲ ಉರಿಯಿತು. “ನಂಗೂ ಇವೇ ಕಿವಿ. ನಾನೇನು ಕೊಯ್ಸ್ಕೊಂಡ್ನಾ?”

“ನಿನ್ನನ್ಯಾರು ಮೊರ ಅಂದ್ರು? ಅಂದಿದ್ರೆ ಅಂದೋನ ಹಲ್ಲು ಉಳೀತಿತ್ತಾ?”

ಶಂಭುಲಿಂಗಯ್ಯ ಪಕ್ಕನೆ ನಕ್ಕುಬಿಟ್ಟ. ಅವನು ನಗಬಾರದಿತ್ತು.

“ಪ್ರೀತಿಗೆ ಕರೆದದ್ದು ಕಣೇ,” ಎಂದು ಅರಚಿದೆ. “ಅವ್ವನ ಹೆಸರು ಹಿಡಿದು ಹೆಂಗೆ ಕೂಗ್ಲಿ?”

“ಹಂಗಾದ್ರೆ ಅವ್ವ ಅಂತ್ಲೇ ಕರೀಬೋದಿತ್ತು.”

ತಪ್ಪು ನನ್ನದಾದಾಗಲೇ ನನ್ನ ದನಿ ಏರುವುದು. “ಹೋಗು, ಕೊಯ್ಸ್ಕೋ. ನಮ್ಮವ್ವನ ಮುಖಾನೇ ಕೊಯ್ದು ಎಸೆದು ಬಾ.”

ಅವಳು ಜಗಲಿ ಇಳಿದು ನನ್ನೆದುರಿಗೆ ಬಂದು ನಿಂತಳು. ಕೂಗಲಿಲ್ಲ.

“ಕೊಯ್ಸ್ಕೊಂಡೇ ಬತ್ತೀನಿ. ಬಂದ್ಮೇಲೆ ನನ್ನ ಏನಂತ ಕರೀತೀಯ ಮಾವ? ಅದನ್ನ ಕೇಳೋಕೇ ಬಂದೆ. ನೆಂಟರೆಲ್ಲ ನಿನ್ನ ಬಾಯಿ ನೋಡಿ ಕಲಿತದ್ದು. ನೀನು ಬುಟ್ರೆ ಅವರೂ ಬುಡ್ತಾರೆ.”

ಅವ್ವನ ಹೆಸರೇ ಬಾಯಿಗೆ ಬಂದಿತ್ತು. ಶಂಭುಲಿಂಗಯ್ಯ ನನ್ನ ಮುಖವನ್ನೇ ನೋಡುತ್ತಿದ್ದ. ಈಗಷ್ಟೇ ನಕ್ಕವನ ಎದುರಿಗೆ ಸೋಲಲು ನನ್ನಿಂದಾಗಲಿಲ್ಲ.

“ಕಿವಿ ತಲೆಗೆ ಅಂಟಿಸ್ಕೊಂಡು ಬಂದ್ರೂ ನೀನು ಮೊರಾನೇ ಕಣೇ.”

ಅವಳು ಚೀಲ ಎತ್ತಿಕೊಂಡಳು. ಒಳಗೆ ನನ್ನ ಹೆಂಡತಿ ಅವಳಿಗೆಂದು ರೊಟ್ಟಿ ತಟ್ಟುತ್ತಿದ್ದಳು; ಅವಳಿಗೂ ಹೋಗಿಬರ್ತೀನಿ ಎನ್ನಲಿಲ್ಲ. ತೋಟದ ದಾರಿ ಹಿಡಿದು ಬಸ್ಸಿನ ರಸ್ತೆಯ ಕಡೆ ನಡೆದಳು. ಶಂಭುಲಿಂಗಯ್ಯ ಚಪ್ಪಲಿ ಮೆಟ್ಟಿಕೊಳ್ಳುತ್ತ ಹಿಂದೆ ಓಡಿದ. ನಾನು ಇನ್ನೊಂದು ಕಾಯಿ ತೆಗೆದು ಹಾರೆಗೆ ಕುಟ್ಟಿದೆ.

ಅದಾದ ಮೇಲೆ ಅವಳು ನಮ್ಮ ಅಂಗಳಕ್ಕೆ ಕಾಲಿಟ್ಟಿಲ್ಲ.