ಅತ್ತಿಗೆ ಕೇಳಿದ ಒಂದು ಮಾತು

ನನ್ನ ಗಂಡನ ಅಕ್ಕ, ಅಂದರೆ ನನ್ನ ಅತ್ತಿಗೆ, ಸಾಯುವ ಮುಂಚೆ ನನ್ನ ಬಾಯಿಂದ ಒಂದೇ ಒಂದು ಮಾತು ಕೇಳಬೇಕೆಂದು ಹಟ ಹಿಡಿದಿದ್ದರು. ಸತ್ತ ಮೇಲೆ ನಾನು ನನ್ನ ಗಂಡನನ್ನು ಮತ್ತೆ ನೋಡುತ್ತೇನೆ, ಹಾಗೆಂದು ನಂಬಿದ್ದೇನೆ ಎಂದು ನಾನು ಹೇಳಬೇಕಿತ್ತು. ಅಷ್ಟೆ. ಡಾಕ್ಟರು ಒಂದು ವಾರ, ಹೆಚ್ಚೆಂದರೆ ಹತ್ತು ದಿನ ಎಂದಿದ್ದರಿಂದ ಆಮೇಲೆ ನೋಡೋಣ ಎನ್ನುವ ಹಾಗೂ ಇರಲಿಲ್ಲ.

ಅವರು ಮಲಗಿದ್ದ ಆಸ್ಪತ್ರೆಯಲ್ಲೇ ನನ್ನ ಕೆಲಸ. ನೆಲಮಾಳಿಗೆಯ ಬಟ್ಟೆ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಹರಿದದ್ದನ್ನು ಹೊಲಿಯುತ್ತಿದ್ದೇನೆ. ಬೆಡ್‌ಶೀಟ್ ಸವೆಯುವುದು ನಡುವಿನಲ್ಲಿ. ಅಂಚು ಹೊಸದರ ಹಾಗೇ ಇರುತ್ತದೆ. ಅದನ್ನು ಉದ್ದಕ್ಕೆ ಸೀಳಿ, ಎರಡು ಅಂಚುಗಳನ್ನು ನಡುವಿಗೆ ತಂದು ಹೊಲಿದು, ಸವೆದದ್ದನ್ನು ಬದಿಗೆ ಹಾಕಿದರೆ ಇನ್ನೆರಡು ವರ್ಷ ಬಾಳುತ್ತದೆ. ನಾನು ಅಂಚುಗಳನ್ನು ಮಡಿಸಿ ಎರಡು ಸಲ ಮೆಷಿನ್ ಓಡಿಸುತ್ತಿದ್ದೆ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡುತ್ತಿದ್ದೆ. ನನ್ನ ಹೊಲಿಗೆ ಬಿಟ್ಟಿತು ಎಂದು ಯಾರೂ ಇದುವರೆಗೆ ಹೇಳಿಲ್ಲ, ಆ ಜಂಬ ನನಗಿತ್ತು.

ಎಂಟು ವರ್ಷದ ಹಿಂದೆ ಗಂಡ ತೀರಿಕೊಂಡರು. ಆಗಿನಿಂದ ನಾನು ಪ್ರಾರ್ಥನೆ ಮಾಡಿಲ್ಲ. ದೇವರ ಮೇಲೆ ಸಿಟ್ಟು ಎಂದು ಜನ ತಿಳಿದರು. ಸಿಟ್ಟೇನೂ ಇಲ್ಲ, ಇಲ್ಲದವರ ಜತೆ ಜಗಳ ಆಡುವುದು ಹೇಗೆ? ಮೊದಮೊದಲು ಕಷ್ಟವಾಯಿತು, ಆಮೇಲೆ ಊಟ ರುಚಿಸಿತು, ನಿದ್ದೆ ಬಂತು. ಅತ್ತಿಗೆಗೆ ನನ್ನ ಆ ನಿದ್ದೆಯೇ ಕಣ್ಣು ಕುಕ್ಕುತ್ತಿತ್ತು. ನನ್ನ ತಮ್ಮ ಅಲ್ಲಿ ಕಾಯ್ತಿದ್ದಾನೆ, ಇವಳು ಇಲ್ಲಿ ಗೊರಕೆ ಹೊಡೀತಾಳೆ ಎಂದು ನೆಂಟರ ಮುಂದೆ ಹೇಳಿಕೊಂಡು ತಿರುಗಿದರು. ನನ್ನ ಕಿವಿಗೂ ಬಿತ್ತು. ಎಂಟು ವರ್ಷ ನಮ್ಮ ನಡುವೆ ಮಾತು ಅಗತ್ಯಕ್ಕೆ ತಕ್ಕಷ್ಟೇ.

ಅತ್ತಿಗೆಯ ಮಗ ಒಳ್ಳೆಯವನು, ಬಸ್ ಓಡಿಸುತ್ತಾನೆ. ಅವನು ನನ್ನನ್ನು ಮೆಟ್ಟಿಲ ಬಳಿ ತಡೆದು, "ಅತ್ತೆ, ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗತ್ತೆ?" ಎಂದ. ಹೋಗುವ ಗಂಟೇನೂ ಇರಲಿಲ್ಲ. ಆದರೂ ಸಾಯುವವರ ಮುಖ ನೋಡಿಕೊಂಡು ಇಲ್ಲದ್ದನ್ನು ಇದೆ ಎನ್ನಲು ನನಗೆ ನಾಲಿಗೆ ಏಳುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ನರ್ಸಿಗೆ ನೆರವಾಗಲೆಂದು ಅತ್ತಿಗೆಯನ್ನು ಮಗ್ಗುಲಿಗೆ ಹೊರಳಿಸಿದೆ. ಬೆನ್ನಿನ ಉದ್ದಕ್ಕೂ ಕೆಂಪು ಗೆರೆ, ಸೊಂಟದ ಹತ್ತಿರ ಚರ್ಮ ಕಿತ್ತಿತ್ತು. ಕೆಳಗೆ ನನ್ನ ಗಟ್ಟಿ ಹೊಲಿಗೆ, ಬೆರಳು ದಪ್ಪಕ್ಕೆ ಎದ್ದು ನಿಂತಿತ್ತು. ಇಷ್ಟು ದಿನ ಬಾಯಿ ಯಾಕೆ ಬಿಡಲಿಲ್ಲ ಎಂದು ಕೇಳಿದೆ.

"ದೇವರು ಪರೀಕ್ಷೆ ಮಾಡ್ತಿದ್ದಾನೆ ಅಂದ್ಕೊಂಡೆ," ಎಂದರು.

"ದೇವರಲ್ಲ ಅತ್ತಿಗೆ, ನಾನು."

ನರ್ಸು ನಕ್ಕಳು. ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು. ಇಪ್ಪತ್ತಾರು ವರ್ಷ ಕೈಯಲ್ಲಿ ಜಗ್ಗಿ ನೋಡಿದವಳು ಒಂದು ದಿನವೂ ಅದರ ಮೇಲೆ ಮಲಗಿ ನೋಡಿರಲಿಲ್ಲ. ಹೊಲಿಗೆ ಇಲ್ಲದ ಶೀಟು ಹಾಸಿಕೊಟ್ಟು ಕೆಳಗೆ ಹೋದೆ. ಕಪಾಟಿನಲ್ಲಿದ್ದ, ನಡುವೆ ಹೊಲಿಗೆ ಹಾಕಿದ ಶೀಟುಗಳನ್ನೆಲ್ಲ ಎಳೆದು ಹಾಕಿ ಬಿಚ್ಚಲು ಕೂತೆ. ನೇಯ್ಗೆಯ ಅಂಚು ಎಳೆ ಬಿಡುವುದಿಲ್ಲ, ಮಡಿಸುವ ಅಗತ್ಯವೇ ಇಲ್ಲ. ಒಂದರ ಮೇಲೊಂದು ಚಪ್ಪಟೆಯಾಗಿ ಕೂರಿಸಿ ಹೊಲಿದರೆ ಸಾಕು. ನಾವು ಮುನಿಸಪ್ಪ ಎಂದು ಕರೆಯುವ ಮೇಲ್ವಿಚಾರಕ ಬಂದು, ಚೆನ್ನಾಗಿರುವುದನ್ನು ಯಾಕೆ ಹಾಳು ಮಾಡುತ್ತೀಯ ಎಂದು ಗೊಣಗಿದ. ಮೊದಲನೆಯದನ್ನು ಮುಗಿಸಿ ಅವನೆದುರೇ ನೆಲಕ್ಕೆ ಹಾಸಿ ಅಂಗಾತ ಮಲಗಿದೆ. ಏನೂ ಒತ್ತಲಿಲ್ಲ. ಅವನು ತಲೆ ಚಚ್ಚಿಕೊಂಡು ಹೋದ. ಎರಡು ದಿನ ಅದೇ ಕೆಲಸ. ಇಂಥ ಕೆಲಸ ಕೈಯಲ್ಲಿದ್ದಾಗ ನನಗೆ ಬದುಕಿನಲ್ಲಿ ಏನೋ ಕಡಿಮೆಯಾಗಿದೆ ಎಂದು ಅನ್ನಿಸುವುದೇ ಇಲ್ಲ.

ಮೂರನೆಯ ದಿನ ಮಧ್ಯಾಹ್ನ ಮಗ ಚಹಾ ಕುಡಿಯಲು ಹೊರಗೆ ಹೋದ. ಅತ್ತಿಗೆ ಕಣ್ಣು ಬಿಟ್ಟು, ಈಗಲಾದರೂ ಹೇಳು ಎಂದರು. ಹೇಳಿಬಿಡೋಣ ಎಂದು ನನಗೂ ಅನ್ನಿಸಿತು. ಮುಖ ಅಷ್ಟು ಚಿಕ್ಕದಾಗಿ ಹೋಗಿತ್ತು.

"ಇಲ್ಲ ಅತ್ತಿಗೆ. ಅವರು ಮತ್ತೆ ಸಿಗ್ತಾರೆ ಅಂತ ನನಗೆ ಅನ್ಸಲ್ಲ. ಹತ್ತೊಂಬತ್ತು ವರ್ಷ ಸಿಕ್ಕಿದ್ರು, ಅದು ನಿಜ."

ಬೈಗುಳಕ್ಕೆ ತಯಾರಾಗಿ ಕೂತೆ. ಅವರು ಬಾಗಿಲ ಕಡೆ ನೋಡಿ, ಮಗ ಬರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡರು.

"ನಿನ್ನ ಸಲುವಾಗಿ ಕೇಳಲಿಲ್ಲ ಕಣೇ. ನಂಬದೇ ಇರೋಳು ನೀನೇ ಹೇಳಿಬಿಟ್ರೆ ನಿಜ ಇರಬಹುದೇನೋ ಅಂತ ಆಸೆ. ಪ್ರಾರ್ಥನೆ ಮಾಡ್ತೀನಿ, ಆ ಕಡೆ ಯಾರೂ ಇಲ್ಲ ಅನ್ಸತ್ತೆ. ಆರು ತಿಂಗಳಾಯ್ತು. ತುಂಬ ಭಯ ಆಗತ್ತೆ."

ಮಗನಿಗೆ ಹೇಳಿದ್ದೀರಾ ಎಂದೆ. ಊರಿಗೆಲ್ಲ ಧೈರ್ಯ ಹೇಳಿದವಳು ಈಗ ಯಾರಿಗೆ ಹೇಳಲಿ ಎಂದರು. ನನ್ನ ಎಂಟು ವರ್ಷದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವರ ಮೇಲೆ ಅಷ್ಟು ಅಕ್ಕರೆ ನನಗೆ ಹಿಂದೆಂದೂ ಹುಟ್ಟಿರಲಿಲ್ಲ.

"ಇದೇನೂ ಇಲ್ದೆ ನೀನು ಹೇಗೆ ಇದ್ದೀಯೇ?"

"ನನಗೂ ಭಯ ಆಗತ್ತೆ. ಆದಾಗ ಯಾರಿಗಾದ್ರೂ ಬೇಕಾಗಿರೋ ಕೆಲಸ ಹಿಡ್ಕೊಂಡು ಕೂರ್ತೀನಿ. ಅಷ್ಟೇ ನನಗೆ ಗೊತ್ತಿರೋದು."

"ಈಗ ನನ್ನ ಕೈಲಿ ಏನು ಕೆಲಸ ಆಗತ್ತೆ?"

ಕುರ್ಚಿ ಹತ್ತಿರಕ್ಕೆ ಎಳೆದುಕೊಂಡೆ. "ನಿಮ್ಮ ತಮ್ಮ ಚಿಕ್ಕವರಿದ್ದಾಗ ಹೇಗಿದ್ರು ಹೇಳಿ. ನಿಮಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ನನಗೆ ಬೇಕು."

ಅವರು ಹೇಳತೊಡಗಿದರು. ಅವನು ಬಳಪ ತಿನ್ನುತ್ತಿದ್ದನಂತೆ. ಕ್ಷೌರದವನು ಬಂದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದನಂತೆ. ಅಕ್ಕನ ಜಡೆಯನ್ನು ಕುರ್ಚಿಗೆ ಕಟ್ಟಿ, ಅವಳು ಕುರ್ಚಿ ಸಮೇತ ಎದ್ದಾಗ ತಾನೇ ಅತ್ತನಂತೆ. ಮಗ ಬಂದಾಗ ಮಾತು ನಿಲ್ಲಿಸುವರು, ಅವನು ಹೋದೊಡನೆ ನನಗೆ ಸನ್ನೆ ಮಾಡುವರು. ನಾಲ್ಕು ದಿನ ಹೀಗೇ ನಡೆಯಿತು. ಒಮ್ಮೆ ಉಸಿರು ಸಾಲದೆ ಅರ್ಧಕ್ಕೆ ನಿಂತು, ಇರು, ಇನ್ನೂ ಇದೆ, ಹೋಗಬೇಡ ಎಂದರು. ಐದನೆಯ ದಿನ ಸಂಜೆಗೆ ಮುಂಚೆ, ನನ್ನ ಕೈ ಹಿಡಿದುಕೊಂಡೇ ತೀರಿಕೊಂಡರು.

ನೆಂಟರು ಮನೆ ತುಂಬ ಸೇರಿದರು. ಎಲ್ಲರ ಬಾಯಲ್ಲೂ ಒಂದೇ ಮಾತು, ಎಂಥ ನಂಬಿಕೆ ಆಕೆಯದು ಎಂದು. ನನ್ನ ಕಡೆ ನೋಡಿ ಒಬ್ಬಿಬ್ಬರು ದನಿ ಏರಿಸಿಯೂ ಹೇಳಿದರು. ಅತ್ತಿಗೆಯ ಮಗ ನನ್ನ ಪಕ್ಕ ಬಂದು ಕೂತ. ಅತ್ತೂ ಅತ್ತೂ ಅವನ ಕಣ್ಣು ಊದಿಕೊಂಡಿತ್ತು.

"ಕೊನೇಲಿ ನೀವೇ ಅಲ್ವಾ ಅತ್ತೆ ಜೊತೇಲಿದ್ದಿದ್ದು? ಅಮ್ಮನಿಗೆ ದೇವರ ಮೇಲೆ ನಂಬಿಕೆ ಒಂಚೂರೂ ಅಲ್ಲಾಡಲಿಲ್ಲ, ಅಲ್ವಾ?"

"ಇಲ್ಲಪ್ಪ," ಎಂದೆ. "ಒಂಚೂರೂ ಅಲ್ಲಾಡಲಿಲ್ಲ."