ಕುತ್ತಿಗೆ ಯಾರದು

ಸಿದ್ದಲಿಂಗಮ್ಮನ ಕುತ್ತಿಗೆಗೆ ಏನಾಗಿದೆ ಎಂಬುದು ಅವಳೊಬ್ಬಳನ್ನು ಬಿಟ್ಟು ಮನೆಯವರಿಗೆಲ್ಲ ಗೊತ್ತಿತ್ತು.

ಅದು ಎಪ್ಪತ್ತೊಂಬತ್ತನೇ ಇಸವಿ. ಸವಳಂಗದ ಶಾಲೆಯಲ್ಲಿ ಮೇಡಂ ಆಗಿದ್ದ ಅವಳು ಹೊನ್ನಾಳಿಯಲ್ಲಿ ಮೀಟಿಂಗ್ ಮುಗಿಸಿ ಬರುವಾಗ, ನ್ಯಾಮತಿ ದಾಟಿದ ಬಸ್ಸು ಗುಂಡಿಗಿಳಿದು ಎಗರಿತು. ಹಿಂದಿನ ಸೀಟಿನಲ್ಲಿದ್ದವಳ ನೆತ್ತಿ ಚಾವಣಿಗೆ ಬಡಿದು ಕುತ್ತಿಗೆ ಲಟಕ್ಕೆಂದಿತು. ಶಿವಮೊಗ್ಗದ ಡಾಕ್ಟರೊಬ್ಬರು ಎಕ್ಸ್‌ರೇ ನೋಡಿ, ಅವಳನ್ನು ಬೆಂಚಿನ ಮೇಲೆ ಕೂರಿಸಿ, ಗಂಡ ಪಂಚಾಕ್ಷರಪ್ಪನನ್ನು ಮಾತ್ರ ಒಳಗೆ ಕರೆದರು. ಕಾಲು ಗಂಟೆಯ ಮೇಲೆ ಹೊರಬಂದ ಅವನು, "ಏನಿಲ್ಲ, ನರ ಹಿಡ್ಕಂಡೈತೆ. ಪಟ್ಟಿ ಹಾಕ್ಕಂಡ್ರೆ ಹೋಗತೈತೆ" ಎಂದ. ಅವಳ ಮುಖ ನೋಡಲಿಲ್ಲ.

ಹದಿನೈದು ದಿನ ಬಿಗಿ ಪಟ್ಟಿಯಲ್ಲಿ ಬೆವತು ಬೆವತು ಗದ್ದದ ಕೆಳಗೆ ಗಾಯವಾಯಿತು. ಬಲಗೈಯ ಎರಡು ಬೆರಳು ಜೋಮು ಹಿಡಿದು ಕಾಫಿ ಲೋಟ ಜಾರಿಬಿತ್ತು.

"ನರ ಹಿಡ್ಕಂಡ್ರೆ ಬೆರಳು ಯಾಕ್ರೀ ಸಾಯ್ತಾವೆ?"

"ಸರಿ ಹೋಗತೈತೆ ಬಿಡು" ಎಂದು ಗಂಡ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ.

ಆ ಭಾನುವಾರ ಅತ್ತೆ ಕಸ್ತೂರಮ್ಮ ಜಗಳೂರು ಕಡೆಯಿಂದ ಮೂಳೆ ಕೂಡಿಸುವ ಮುದುಕನೊಬ್ಬನನ್ನು ಕರೆಸಿದಳು. ಅವನು ಪಟ್ಟಿ ಬಿಚ್ಚಿ, ಗದ್ದಕ್ಕೊಂದು ಹಿಂದಲೆಗೊಂದು ಕೈ ಕೊಟ್ಟು ಇನ್ನೇನು ತಿರುವಬೇಕು, ಆಗ ಅತ್ತೆ ಗಾಬರಿಯಿಂದ, "ಮೆಲ್ಲಗೆ ಎಳೀರಪ್ಪ! ಮೂಳೆ ಬಿರುಕು ಬಿಟ್ಟೈತಂತೆ. ಆಪರೇಷನ್ ಮಾಡಿದ್ರೂ ಕೈಕಾಲು ಬಿದ್ದೋಗಬೌದಂತೆ" ಎಂದುಬಿಟ್ಟಳು.

ಸಿದ್ದಲಿಂಗಮ್ಮ ಅವನ ಕೈ ಕಿತ್ತೆಸೆದು ಎದ್ದಳು.

"ಯಾರು ಹೇಳಿದ್ದು?"

"ಪಂಚಾಕ್ಷರಿನೇ. ನಿನಗೆ ಹೇಳಬ್ಯಾಡ ಅಂದಿದ್ದ."

ಮುದುಕ ತನ್ನ ಎಣ್ಣೆ ಸೀಸೆ ಎತ್ತಿಕೊಂಡು ಹೊಸ್ತಿಲು ದಾಟಿದ. ಹಿತ್ತಲಿನಿಂದ ಬಂದ ಗಂಡ, "ಹೆದರ್ಕಂತೀಯ ಅಂತ ಹೇಳ್ಲಿಲ್ಲ ಕಣೇ" ಎಂದ.

"ಆ ಮುದುಕ ತಿರುವಿದ್ದಿದ್ರೆ ನಾನು ಹೆದರಾಕೆ ಇರ್ತಿದ್ನೇನ್ರೀ? ಬಿರುಕು ಬಿಟ್ಟ ಮೂಳೇನ ತಿರುವಾಕೆ ಕೊಟ್ರಲ್ಲ! ನಿಮ್ಮ ಎತ್ತಿನ ಕಾಲು ಮುರಿದಾಗ ನಾಕು ಜನಾನ ಕೇಳಿದ್ರಿ. ನನ್ನನ್ನ ಒಂದು ಮಾತು ಕೇಳಿದ್ರಾ?"

ಅಂದು ಅವಳು ಒಲೆ ಹಚ್ಚಲಿಲ್ಲ. ಮರುದಿನ ಪಟ್ಟಿಯನ್ನು ಮತ್ತೆ ಬಿಗಿದುಕೊಂಡು, ಎಕ್ಸ್‌ರೇ ಲಕೋಟೆ ಹಿಡಿದು, ಡ್ರೈವರನ ಬೆನ್ನ ಹಿಂದಿನ ಸೀಟಿನಲ್ಲಿ ಕೂತು ಒಬ್ಬಳೇ ಶಿವಮೊಗ್ಗಕ್ಕೆ ಹೋದಳು.

"ಯಜಮಾನರನ್ನು ಕರೆದುಕೊಂಡು ಬನ್ನಿ" ಎಂದರು ಡಾಕ್ಟರು.

"ಕುತ್ತಿಗೆ ಅವರದಲ್ಲ."

"ಅದು ಹಾಗಲ್ಲಮ್ಮ, ಹೆಂಗಸರು ಅಳ್ತಾರೆ..."

"ಅಳ್ತೀನಿ. ಅತ್ತು ಆಮೇಲೆ ಕೇಳ್ತೀನಿ. ಹೇಳ್ರಿ."

ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೂದಲಿನಷ್ಟು ಸಣ್ಣ ಗೆರೆ ತೋರಿಸಿದರು. ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿದರೆ ಗುಣವಾಗಬಹುದು, ಕೈಕಾಲು ಬೀಳಲೂಬಹುದು. ಅಲ್ಲಾಡದೆ ಮೂರು ತಿಂಗಳು ಮಲಗಿದರೆ ಮೂಳೆ ತಾನೇ ಕೂಡಬಹುದು, ಕೂಡದೆಯೂ ಇರಬಹುದು.

"ಯಾವುದು ಒಳ್ಳೇದು?"

"ನಿಜ ಹೇಳಬೇಕಂದ್ರೆ, ನನಗೂ ಗೊತ್ತಿಲ್ಲಮ್ಮ."

ಅವಳಿಗೆ ಮೈಯೆಲ್ಲ ಉರಿಯಿತು. ಎಲ್ಲ ಗೊತ್ತಿದ್ದವರ ಹಾಗೆ ಬಾಗಿಲು ಹಾಕಿಕೊಂಡು ಮಾತಾಡಿದ್ದು ಇದನ್ನೇ? ಅವರ ಮೇಜನ್ನು ಗುದ್ದಬೇಕೆನಿಸಿತು. ಗುದ್ದದೆ, ಚೀಲದಿಂದ ನೋಟ್‌ಬುಕ್ ತೆಗೆದು, ಬರೆದುಕೊಂಡು ಬಂದಿದ್ದ ಹನ್ನೊಂದು ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದಳು. ಎಂಟಕ್ಕೆ ಉತ್ತರ ಸಿಕ್ಕಿತು. ಬಸ್ಸಿನಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

ಮನೆಗೆ ಬಂದವಳೇ ಗಂಡನಿಗೂ ಅತ್ತೆಗೂ ಹೇಳಿದಳು: "ಮೂರು ತಿಂಗಳು ಮಲಗ್ತೀನಿ. ಕಾಲಿಗೆ ಜೋಮು ಬಂದ್ರೆ ಬೆಂಗಳೂರು. ಅಲ್ಲೂ ಡಾಕ್ಟರ ಹತ್ರ ನಾನೇ ಮಾತಾಡ್ತೀನಿ."

ಮಲಗಿದಳು. ಅತ್ತೆ ತುತ್ತು ಮಾಡಿ ತಿನ್ನಿಸಿದಳು. ಮೂಗಿನ ಮೇಲೆ ಕೂತ ನೊಣದ ಮೇಲೂ ಅವಳಿಗೆ ಸಿಟ್ಟು, ನೊಣ ಓಡಿಸಲು ಬಂದ ಗಂಡನ ಮೇಲೂ ಸಿಟ್ಟು.

ಮೂಳೆ ಕೂಡಿತು, ಆದರೆ ಬೆರಳುಗಳಿಗೆ ಜೀವ ಬರಲಿಲ್ಲ. ಕುತ್ತಿಗೆ ಎಡಕ್ಕೆ ತಿರುಗುತ್ತಿರಲಿಲ್ಲ. ಮುಂದೆ ಎಂದಾದರೂ ಆಪರೇಷನ್ ಬೇಕಾದೀತೇ ಎಂಬುದಕ್ಕೆ ಡಾಕ್ಟರು ಆಗಲೂ ಗೊತ್ತಿಲ್ಲವೆಂದರು, ಈ ಸಲ ಅವಳಿಗೇ.

ಮತ್ತೆ ಶಾಲೆಗೆ ಹೊರಟ ಬೆಳಗ್ಗೆ ಪಂಚಾಕ್ಷರಪ್ಪ ಬಾಗಿಲಲ್ಲಿ ನಿಂತು, "ಇನ್ನೂ ಸಿಟ್ಟೈತಾ?" ಎಂದ.

"ಐತೆ. ಈ ಚೀಲ ಹಿಡ್ಕಳ್ರಿ, ನಾನು ಭಾರ ಎತ್ತಂಗಿಲ್ಲ" ಎಂದು ಅವಳು ಮುಂದೆ ನಡೆದಳು.